ಮಿತಾಕ್ಷರದ ವಿಜ್ಞಾನೇಶ್ವರ

(ಅಂತಿಮ ಬಿ. ಎ. ವಿದ್ಯಾರ್ಥಿನಿ, ಅಮ್ಮಿನಬಾವಿ)

ಕಲ್ಯಾಣದ ಚಾಲುಕ್ಯರ ಕಾಲವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಲ್ಲಿನ ವೈಭವ. ಇಟಗಿಯ ಮಹಾದೇವಾಲಯ, ಲಕ್ಕುಂಡಿಯ ಗುಡಿಗಳು, ನಮ್ಮ ಜಿಲ್ಲೆಯದೇ ಆದ ಅಣ್ಣಿಗೇರಿಯ ಅಮೃತೇಶ್ವರ, ಇವುಗಳನ್ನು ಕಂಡವರಾರೂ ಆ ಶಿಲ್ಪಿಗಳಿಗೆ ತಲೆಬಾಗದೆ ಇರಲಾರರು. ಅದೇ ಅರಸರ ಆಶ್ರಯದಲ್ಲಿ, ಅದೇ ಕಾಲದಲ್ಲಿ, ಅಕ್ಷರಗಳಿಂದ ಕಟ್ಟಿದ ಇನ್ನೊಂದು ಸೌಧವೂ ಎದ್ದು ನಿಂತಿತು. ಅದನ್ನು ನೋಡಲು ಯಾರೂ ಪ್ರವಾಸ ಹೋಗುವುದಿಲ್ಲ. ಆದರೆ ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಭರತಖಂಡದ ಬಹುಭಾಗದ ಹಿಂದೂ ಕುಟುಂಬಗಳು ಹೊಲಮನೆಗಳನ್ನು ಹಂಚಿಕೊಂಡದ್ದು ಅದರ ನೆರಳಿನಲ್ಲಿಯೇ. ಆ ಸೌಧದ ಹೆಸರು ಮಿತಾಕ್ಷರಾ. ಅದನ್ನು ಕಟ್ಟಿದವನು ವಿಜ್ಞಾನೇಶ್ವರ.

ಕಾಯಿದೆ, ನ್ಯಾಯ ಎಂಬುವು ವಕೀಲರಿಗೂ ನ್ಯಾಯಾಧೀಶರಿಗೂ ಸೇರಿದ ವಿಷಯಗಳು, ಇತಿಹಾಸವನ್ನೋ ಭಾಷೆಯನ್ನೋ ಸಮಾಜಶಾಸ್ತ್ರವನ್ನೋ ಓದುವ ಕಲಾ ವಿಭಾಗದವರಿಗೆ ಅಲ್ಲೇನು ಕೆಲಸ ಎಂದು ಕೇಳುವವರುಂಟು. ವಿಜ್ಞಾನೇಶ್ವರನ ಜೀವನ ಮತ್ತು ಕೃತಿಯೇ ಈ ಪ್ರಶ್ನೆಗೆ ಉತ್ತರವೆಂದು ನನಗೆ ತೋರುತ್ತದೆ. ವ್ಯಾಕರಣ, ಮೀಮಾಂಸೆ, ಲೋಕರೂಢಿ, ಪೇಟೆಯ ಕೊಡುಕೊಳ್ಳುವಿಕೆ, ರಕ್ತಸಂಬಂಧದ ವಿಚಾರ, ಇವೆಲ್ಲವನ್ನೂ ಒಂದೇ ಚಾವಡಿಗೆ ಕರೆತಂದು ನ್ಯಾಯವನ್ನು ವಿಚಾರಿಸಿದವನು ಅವನು. ಆದುದರಿಂದ ಅವನನ್ನು ಕುರಿತು ನಾಲ್ಕು ಮಾತು ಬರೆಯಲು ಈ ಲೇಖನದಲ್ಲಿ ಯತ್ನಿಸಿದ್ದೇನೆ.

ವಿಜ್ಞಾನೇಶ್ವರನ ಕಾಲವು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲ. ವಿಕ್ರಮಾದಿತ್ಯನು ಕ್ರಿ. ಶ. ೧೦೭೬ರಿಂದ ೧೧೨೬ರ ವರೆಗೆ, ಅಂದರೆ ಸರಿಸುಮಾರು ಐವತ್ತು ವರ್ಷ, ಕಲ್ಯಾಣದಿಂದ ರಾಜ್ಯವಾಳಿದನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಪಟ್ಟಕ್ಕೆ ಬಂದ ವರ್ಷದಿಂದ ಚಾಲುಕ್ಯ ವಿಕ್ರಮ ಶಕೆ ಎಂಬ ಹೊಸ ಕಾಲಗಣನೆಯನ್ನೇ ಅವನು ಆರಂಭಿಸಿದನೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ದೂರದ ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ಅವನ ಆಸ್ಥಾನದಲ್ಲಿ ವಿದ್ಯಾಪತಿಯೆನಿಸಿಕೊಂಡು, ಅವನನ್ನೇ ನಾಯಕನನ್ನಾಗಿ ಮಾಡಿ ವಿಕ್ರಮಾಂಕದೇವಚರಿತವೆಂಬ ಕಾವ್ಯವನ್ನು ರಚಿಸಿದನು. ಅವನ ಮಗ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ಬರೆದನು. ಅರಸನು ಕತ್ತಿ ಹಿಡಿದರೆ ಅರಸನ ಮಗನು ಲೇಖನಿಯನ್ನು ಹಿಡಿದ ಮನೆತನವದು.

ವಿದ್ಯೆಯು ಅರಮನೆಯಲ್ಲಿ ಮಾತ್ರ ಇದ್ದಿತೆಂದಲ್ಲ. ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿದ್ದಿತು. ವಿಕ್ರಮಾದಿತ್ಯನ ತಂದೆಯ ಆಳ್ವಿಕೆಯ ಕ್ರಿ. ಶ. ೧೦೫೮ರ ಅಲ್ಲಿಯ ಶಾಸನವು ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಹೇಳುವುದಲ್ಲದೆ ಸರಸ್ವತೀ ಭಂಡಾರಿಗರನ್ನೂ, ಅಂದರೆ ಗ್ರಂಥಪಾಲಕರನ್ನೂ ಹೇಳುತ್ತದೆ. ಇಂತಹ ನೆಲದಲ್ಲಿ ಮಿತಾಕ್ಷರದಂಥ ಗ್ರಂಥ ಬೆಳೆದುದು ಆಶ್ಚರ್ಯವಲ್ಲ.

ವಿಜ್ಞಾನೇಶ್ವರನ ಸ್ವಂತ ಜೀವನದ ಬಗೆಗೆ ದೊರೆಯುವ ಸಂಗತಿಗಳು ಕೆಲವೇ. ಅವುಗಳಲ್ಲಿ ಹೆಚ್ಚಿನವು ಅವನ ಗ್ರಂಥದ ಕೊನೆಯಲ್ಲಿಯೇ ಇವೆ. ಅವನದು ಭಾರದ್ವಾಜ ಗೋತ್ರ. ತಂದೆಯ ಹೆಸರು ಪದ್ಮನಾಭ ಭಟ್ಟ. ತನ್ನ ಗುರುವನ್ನು ಉತ್ತಮನೆಂಬ ಹೆಸರಿನಿಂದ ಅವನು ಸ್ಮರಿಸುತ್ತಾನೆ. ಕಲಬುರ್ಗಿ ಜಿಲ್ಲೆಯ ಮರತೂರಿನ ಶಾಸನವೊಂದರ ಆಧಾರದಿಂದ ಆ ಊರಿಗೂ ಅವನಿಗೂ ನಂಟಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಗ್ರಂಥಾಂತ್ಯದ ಪದ್ಯಗಳಲ್ಲಿ ಕಲ್ಯಾಣಕ್ಕೆ ಸಮನಾದ ಪಟ್ಟಣವಿಲ್ಲ, ವಿಕ್ರಮನಿಗೆ ಸಮನಾದ ಅರಸನಿಲ್ಲ, ವಿಜ್ಞಾನೇಶ್ವರನಿಗೆ ಸಮನಾದ ಪಂಡಿತನಿಲ್ಲ ಎಂಬ ಭಾವವು ಬಂದಿದೆ. ಊರು, ಅರಸು, ಪಂಡಿತ ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಆ ಧೈರ್ಯವನ್ನು ನಾವು ಗಮನಿಸಬೇಕು.

ಇನ್ನೊಂದು ಸಂಗತಿಯಂತೂ ಸ್ವಾರಸ್ಯಕರವಾಗಿದೆ. ವಿಜ್ಞಾನೇಶ್ವರನು ಪರಮಹಂಸ ಪರಿವ್ರಾಜಕ, ಎಂದರೆ ಸಂನ್ಯಾಸಿ. ಮನೆ, ಹೊಲ, ಹೆಂಡತಿ, ಮಕ್ಕಳು, ಇವಾವುವೂ ತನ್ನವಲ್ಲವೆಂದು ಬಿಟ್ಟವನು ಅವನು. ಅಂಥವನು ಮನೆ ಯಾರದು, ಹೊಲ ಯಾರದು, ಹೆಂಡತಿಯ ಪಾಲೆಷ್ಟು, ಮಕ್ಕಳ ಪಾಲೆಷ್ಟು ಎಂಬುದನ್ನು ಇಡೀ ದೇಶಕ್ಕೆ ತಿಳಿಸಿ ಹೇಳಿದನು. ಪಾಲಿನ ನ್ಯಾಯ ಹೇಳುವವನು ಪಾಲು ಕೇಳುವವನಾಗಿರಬಾರದು ಎಂಬ ಹಳ್ಳಿಯ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಮಿತಾಕ್ಷರವು ಸ್ವತಂತ್ರ ಗ್ರಂಥವಲ್ಲ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಆ ಸ್ಮೃತಿಯಲ್ಲಿ ಸುಮಾರು ಒಂದು ಸಾವಿರ ಶ್ಲೋಕಗಳಿದ್ದು, ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಅಧ್ಯಾಯಗಳಿವೆ. ಇವುಗಳಲ್ಲಿ ವ್ಯವಹಾರಾಧ್ಯಾಯವು ಇಂದಿನ ಭಾಷೆಯಲ್ಲಿ ಕೋರ್ಟು ಕಚೇರಿಯ ಭಾಗ. ಫಿರ್ಯಾದಿ, ಅದಕ್ಕೆ ಕೈಫಿಯತ್ತು, ಪುರಾವೆ, ತೀರ್ಪು ಎಂಬ ನಾಲ್ಕು ಪಾದಗಳ ಮೇಲೆ ವ್ಯವಹಾರ ನಿಲ್ಲಬೇಕೆಂದು ಅಲ್ಲಿ ವಿವರಿಸಿದೆ. ಬರಹ, ಅನುಭೋಗ, ಸಾಕ್ಷಿ ಇವು ಮನುಷ್ಯರ ಪುರಾವೆಗಳು. ಇವು ಇಲ್ಲದಿದ್ದರೆ ಮಾತ್ರ ದಿವ್ಯಗಳು. ವಿಜ್ಞಾನೇಶ್ವರನಿಗಿಂತ ಮೊದಲು ವಿಶ್ವರೂಪನು ಇದೇ ಸ್ಮೃತಿಗೆ ಟೀಕೆ ಬರೆದಿದ್ದನು. ಮೇಧಾತಿಥಿಯು ಮನುಸ್ಮೃತಿಗೆ ಬರೆದಿದ್ದನು. ಅಸಹಾಯ, ಭಾರುಚಿ, ಶ್ರೀಕರ, ಧಾರೇಶ್ವರ ಮೊದಲಾದವರ ಮತಗಳೂ ಪ್ರಚಾರದಲ್ಲಿದ್ದವು. ಇವರೆಲ್ಲರನ್ನೂ ಓದಿ, ಒಪ್ಪುವಲ್ಲಿ ಒಪ್ಪಿ, ಒಪ್ಪದ ಕಡೆ ಹೆಸರು ಹೇಳಿಯೇ ಖಂಡಿಸಿ ವಿಜ್ಞಾನೇಶ್ವರನು ಮುಂದೆ ಸಾಗುತ್ತಾನೆ. ಮಿತಾಕ್ಷರವೆಂದರೆ ಮಿತವಾದ ಅಕ್ಷರಗಳುಳ್ಳದ್ದು. ಹೆಸರಿಗೆ ತಕ್ಕಂತೆ ಅವನು ಅನಾವಶ್ಯಕವಾಗಿ ಮಾತು ಬೆಳೆಸುವುದಿಲ್ಲ.

ಈಗ ಅವನು ವಿಚಾರ ಮಾಡುತ್ತಿದ್ದ ರೀತಿಯನ್ನು ನೋಡೋಣ. ಮೊದಲನೆಯದಾಗಿ, ಸ್ವತ್ತು ಎಂದರೇನು? ಧಾರೇಶ್ವರ ಮೊದಲಾದವರ ಮತದಂತೆ ಇದು ನನ್ನದು ಎಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕ ವಿಷಯ. ವಿಜ್ಞಾನೇಶ್ವರನು ಇದನ್ನು ಒಪ್ಪುವುದಿಲ್ಲ. ಯಜ್ಞದ ಆಹವನೀಯಾಗ್ನಿಯಂಥ ವಸ್ತುವನ್ನು ಶಾಸ್ತ್ರದಿಂದಲೇ ತಿಳಿಯಬೇಕು, ಅದು ಆ ರೂಪದಲ್ಲಿ ಲೋಕದ ಕೆಲಸಕ್ಕೆ ಒದಗುವುದಿಲ್ಲ. ಸ್ವತ್ತಾದರೋ ಅಕ್ಕಿಯಂತೆ ದಿನದ ಬದುಕಿಗೆ ಒದಗುತ್ತದೆ. ಅಷ್ಟೇ ಅಲ್ಲ, ಶಾಸ್ತ್ರದ ಗಂಧವನ್ನೇ ಅರಿಯದ ಗಡಿನಾಡಿನ ಜನರು ಕೂಡ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಅದು ನಿನ್ನದು ಎನ್ನುತ್ತಾರೆ. ಹಾಗಾದ ಮೇಲೆ ಸ್ವತ್ತು ಲೋಕಸಿದ್ಧವೇ ಹೊರತು ಶಾಸ್ತ್ರದಿಂದ ಹುಟ್ಟಿದ್ದಲ್ಲ ಎಂದು ಅವನು ತೀರ್ಮಾನಿಸುತ್ತಾನೆ. ಪೋಥಿಗಳ ನಡುವೆ ಕುಳಿತ ಸಂನ್ಯಾಸಿಯು ತನ್ನ ವಾದಕ್ಕೆ ಸಾಕ್ಷಿಯನ್ನು ಹುಡುಕಿದ್ದು ಗಡಿಯಾಚೆಯ ಸಂತೆಯಲ್ಲಿ! ಇಂದು ಸಮಾಜಶಾಸ್ತ್ರಜ್ಞರು, ಮಾನವಶಾಸ್ತ್ರಜ್ಞರು ಮಾಡುವ ಕೆಲಸವೂ ಇದೇ ಅಲ್ಲವೆ?

ಎರಡನೆಯದಾಗಿ, ವ್ಯಾಕರಣ. ಮಗ, ಹೆಂಡತಿ, ಮಗಳು ಮುಂತಾದ ಹತ್ತಿರದ ವಾರಸುದಾರರಿಲ್ಲದೆ ಒಬ್ಬನು ತೀರಿಕೊಂಡನೆನ್ನಿ. ಆಗ ಅವನ ಆಸ್ತಿಯು ತಂದೆತಾಯಿಗಳಿಗೆ ಸೇರಬೇಕೆಂದು ಸ್ಮೃತಿ ಹೇಳುತ್ತದೆ. ಆದರೆ ಅಲ್ಲಿ ಬಳಸಿರುವುದು ಇಬ್ಬರನ್ನೂ ಸೂಚಿಸುವ ಒಂದೇ ಶಬ್ದ. ಮೊದಲು ಯಾರಿಗೆ? ಆ ಶಬ್ದವನ್ನು ವಿಗ್ರಹ ಮಾಡುವಾಗ ತಾಯಿಯ ಹೆಸರು ಮೊದಲು ಬರುತ್ತದೆಯಾದ್ದರಿಂದ ತಾಯಿಗೇ ಮೊದಲು ಎಂದು ವಿಜ್ಞಾನೇಶ್ವರನ ಉತ್ತರ. ಕೇವಲ ವ್ಯಾಕರಣದ ಬಲದಿಂದ ಹೀಗೆ ಹೇಳಿದರೆ ಜನ ಒಪ್ಪುವರೆ? ಅದಕ್ಕಾಗಿ ಅವನು ಸಂಸಾರದಿಂದ ಇನ್ನೊಂದು ಕಾರಣವನ್ನು ಕೊಡುತ್ತಾನೆ. ತಂದೆಯು ಬೇರೆ ಹೆಂಡಿರ ಮಕ್ಕಳಿಗೂ ತಂದೆ, ತಾಯಿಯು ತನ್ನ ಮಕ್ಕಳಿಗೆ ಮಾತ್ರ ತಾಯಿ. ಆದ್ದರಿಂದ ಮಗನಿಗೆ ತಾಯಿಯೇ ಹೆಚ್ಚು ಹತ್ತಿರದವಳು. ಒಂದು ಶಬ್ದದ ಬಿಡಿಸುವಿಕೆಯಿಂದ ಒಬ್ಬ ಮುದುಕಿಯ ಅನ್ನ ನಿಶ್ಚಿತವಾಯಿತು. ವ್ಯಾಕರಣದ ತರಗತಿಯಲ್ಲಿ ತೂಕಡಿಸುವ ನಮ್ಮ ಮಿತ್ರರು ಇದನ್ನು ಲಕ್ಷ್ಯದಲ್ಲಿಡಬೇಕು.

ಮೂರನೆಯದು ಲೋಕದ ಒಪ್ಪಿಗೆ. ಪಾಲು ಮಾಡುವಾಗ ಹಿರಿಯ ಮಗನಿಗೆ ಹೆಚ್ಚಿನ ಭಾಗ ಕೊಡಬೇಕೆಂಬ ವಚನಗಳು ಶಾಸ್ತ್ರಗಳಲ್ಲಿ ಇದ್ದವು. ವಿಜ್ಞಾನೇಶ್ವರನು ಅವು ಇಲ್ಲವೆನ್ನುವುದಿಲ್ಲ. ಇದ್ದರೂ ಜನರು ಅದನ್ನು ದ್ವೇಷಿಸುತ್ತಾರೆ, ಜನರು ಹೇಸುವುದನ್ನು ಶಾಸ್ತ್ರದಲ್ಲಿದ್ದರೂ ಆಚರಿಸಬಾರದು, ಆದುದರಿಂದ ಅಣ್ಣತಮ್ಮಂದಿರಿಗೆ ಸಮಪಾಲು ಎಂದು ಅವನು ಹೇಳುತ್ತಾನೆ. ನಿಯೋಗ ಮೊದಲಾದ ಹಳೆಯ ಆಚಾರಗಳೂ ಹೀಗೆಯೇ ಬಿಟ್ಟುಹೋದುವೆಂಬುದನ್ನು ಅವನು ದೃಷ್ಟಾಂತವಾಗಿ ತೋರಿಸುತ್ತಾನೆ. ಜನರ ನ್ಯಾಯಬುದ್ಧಿಗೆ ವಿರುದ್ಧವಾದ ವಚನವು ಎಷ್ಟೇ ಹಳೆಯದಾದರೂ ನಡೆಯದು ಎಂಬ ಈ ತತ್ತ್ವವು ಮುಂದೆ ಈ ಲೇಖನದಲ್ಲಿ ಇನ್ನೊಮ್ಮೆ ಬರಲಿದೆ.

ನಾಲ್ಕನೆಯದು ನ್ಯಾಯಸ್ಥಾನಗಳ ವಿಚಾರ. ಅರಸನು ನೇಮಿಸಿದವರ ಕೆಳಗೆ ಪೂಗ, ಶ್ರೇಣಿ, ಕುಲ ಎಂಬ ಮೂರು ಸಭೆಗಳನ್ನು ಸ್ಮೃತಿ ಹೇಳುತ್ತದೆ. ವಿಜ್ಞಾನೇಶ್ವರನ ವಿವರಣೆಯಂತೆ, ಒಂದೇ ಊರಿನಲ್ಲಿ ವಾಸಿಸುವ ಬೇರೆ ಬೇರೆ ಜಾತಿಯ, ಬೇರೆ ಬೇರೆ ಉದ್ಯೋಗದ ಜನರ ಕೂಟವೇ ಪೂಗ. ಒಂದೇ ಕಸುಬಿನಿಂದ ಜೀವಿಸುವವರ ಕೂಟ ಶ್ರೇಣಿ. ಇದಕ್ಕೆ ಕುದುರೆ ವ್ಯಾಪಾರಿಗಳು, ಎಲೆ ಮಾರುವವರು, ನೇಕಾರರು, ಚರ್ಮಕಾರರು ಎಂದು ಅವನು ಉದಾಹರಣೆ ಕೊಡುತ್ತಾನೆ. ನೆಂಟರಿಷ್ಟರ ಕೂಟ ಕುಲ. ಕುಲದ ತೀರ್ಪು ಒಪ್ಪಿಗೆಯಾಗದಿದ್ದರೆ ಶ್ರೇಣಿಗೆ, ಶ್ರೇಣಿಯಿಂದ ಪೂಗಕ್ಕೆ, ಅಲ್ಲಿಂದ ಅರಸನು ನೇಮಿಸಿದ ಸಭೆಗೆ ಹೋಗಬಹುದು. ನಮ್ಮ ಭಾಗದ ಹಳ್ಳಿಗಳಲ್ಲಿ ಊರ ದೈವದವರು ಕೂಡಿ ನ್ಯಾಯ ಬಗೆಹರಿಸುವ ಪದ್ಧತಿಯನ್ನು ಬಲ್ಲವರಿಗೆ ಪೂಗವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಇಂದು ತಾಲೂಕು ಕೋರ್ಟಿನಿಂದ ಜಿಲ್ಲಾ ಕೋರ್ಟಿಗೆ, ಅಲ್ಲಿಂದ ಉಚ್ಚ ನ್ಯಾಯಾಲಯಕ್ಕೆ ಮೆಟ್ಟಿಲು ಏರುವ ಕ್ರಮದ ಹಿಂದಿರುವ ವಿಚಾರವೂ ಇದೇ. ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ೨೦೦೮ರಲ್ಲಿ ಬಂದು, ೨೦೧೩ರಲ್ಲಿ ಕಾಯಂ ಪೀಠವಾದಾಗ ನಮ್ಮ ರೈತರಿಗೆ ಬೆಂಗಳೂರಿನ ದಾರಿ ತಪ್ಪಿತು. ನ್ಯಾಯವು ಮನೆಯ ಹತ್ತಿರವಿರಬೇಕೆಂಬುದು ಹೊಸ ಆಸೆಯೇನಲ್ಲ.

ವಿಜ್ಞಾನೇಶ್ವರನ ಕೀರ್ತಿಯನ್ನು ಶಾಶ್ವತಗೊಳಿಸಿದ್ದು ಮಾತ್ರ ಅವನ ಜನ್ಮಸ್ವತ್ವವಾದ. ಅಜ್ಜ, ಮುತ್ತಜ್ಜರಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹುಟ್ಟಿದೊಡನೆಯೇ ಹಕ್ಕು ಬರುತ್ತದೆ, ತಂದೆ ಸಾಯುವ ವರೆಗೆ ಕಾಯಬೇಕಾಗಿಲ್ಲ ಎಂಬುದು ಇದರ ಸಾರ. ಹುಟ್ಟಿನಿಂದಲೇ ಬರುವ ಹಕ್ಕು ಅಪ್ರತಿಬಂಧ ದಾಯ. ಇನ್ನೊಬ್ಬನು ಮಕ್ಕಳಿಲ್ಲದೆ ತೀರಿಕೊಂಡರೆ ಮಾತ್ರ ಬರುವ ಹಕ್ಕು ಸಪ್ರತಿಬಂಧ ದಾಯ. ಇದರ ಫಲವಾಗಿ ಪಿತ್ರಾರ್ಜಿತ ಹೊಲವನ್ನು ತಂದೆಯೊಬ್ಬನೇ ಮನಬಂದಂತೆ ಮಾರುವ ಹಾಗಿಲ್ಲ. ಆಪತ್ತು ಬಂದಾಗ, ಕುಟುಂಬದ ನಿರ್ವಾಹಕ್ಕಾಗಿ, ಅವಶ್ಯವಾದ ಧರ್ಮಕಾರ್ಯಕ್ಕಾಗಿ ಮಾತ್ರ ಮಾರಬಹುದು. ಬಂಗಾಳದ ಜೀಮೂತವಾಹನನು ತನ್ನ ದಾಯಭಾಗದಲ್ಲಿ ಇದಕ್ಕೆ ವಿರುದ್ಧವಾದ ಮತವನ್ನು ಹಿಡಿದನು. ಅವನ ಪ್ರಕಾರ ತಂದೆ ಇರುವ ವರೆಗೆ ಮಗನಿಗೆ ಹಕ್ಕಿಲ್ಲ. ಸಪಿಂಡ ಎಂಬ ಶಬ್ದಕ್ಕೂ ಇಬ್ಬರದು ಎರಡು ಅರ್ಥ. ಜೀಮೂತವಾಹನನಿಗೆ ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆ. ವಿಜ್ಞಾನೇಶ್ವರನಿಗೆ ಪಿಂಡವೆಂದರೆ ಶರೀರ. ತಂದೆತಾಯಿಗಳಿಬ್ಬರ ದೇಹದ ಅಂಶಗಳೂ ಮಗುವಿನಲ್ಲಿ ಬರುತ್ತವೆ, ಅವರ ಮೂಲಕ ಅಜ್ಜ ಅಜ್ಜಿಯರ ಅಂಶಗಳೂ ಬರುತ್ತವೆ, ಆದುದರಿಂದಲೇ ಅವರು ಸಪಿಂಡರು ಎಂದು ಅವನು ತಿಳಿಸುತ್ತಾನೆ. ನಂಟನ್ನು ಅವನು ಸತ್ತ ಮೇಲಿನ ಕ್ರಿಯೆಯಲ್ಲಿ ಹುಡುಕದೆ ಹುಟ್ಟಿನಲ್ಲಿ ಹುಡುಕಿದನು.

ಒಳ್ಳೆಯ ಎರೆಹೊಲಗಳ ಸೀಮೆಯಾದ ನಮ್ಮ ಕಡೆಗೆ ಈ ವಾದವು ಎಷ್ಟು ಹೊಂದಿಕೊಂಡಿತೆಂಬುದನ್ನು ಯೋಚಿಸಬೇಕು. ಒಕ್ಕಲುತನದ ಮನೆಯಲ್ಲಿ ಮಗನು ಹತ್ತು ಹನ್ನೆರಡು ವರ್ಷಕ್ಕೇ ನೇಗಿಲ ಹಿಂದೆ ನಡೆಯುತ್ತಾನೆ. ಅವನ ಬೆವರೂ ಆ ಹೊಲದಲ್ಲಿ ಬೀಳುತ್ತದೆ. ಹೊಲವನ್ನು ಒಬ್ಬನು ಕುಡಿದೋ ಜೂಜಾಡಿಯೋ ಕಳೆದರೆ ಮನೆಮಂದಿಯೆಲ್ಲ ಬೀದಿಗೆ ಬೀಳುತ್ತಾರೆ. ಹುಟ್ಟಿನಿಂದ ಹಕ್ಕು ಎಂಬುದು ಅಂಥ ಮನೆಗೆ ಒಂದು ಒಡ್ಡು ಹಾಕಿದಂತೆ.

ಇಷ್ಟೆಲ್ಲ ಹೇಳಿದ ಮೇಲೆ ಓದುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಮಗುವಿನಲ್ಲಿ ತಂದೆತಾಯಿಗಳ ದೇಹದ ಅಂಶವಿರುವುದರಿಂದ ಹಕ್ಕು ಬರುವುದಾದರೆ, ಮಗಳಲ್ಲಿ ಆ ಅಂಶವಿಲ್ಲವೆ? ವಿಜ್ಞಾನೇಶ್ವರನು ಈ ಹೊಸ್ತಿಲಿನ ವರೆಗೆ ಬಂದು ನಿಂತನು, ದಾಟಲಿಲ್ಲ. ಹುಟ್ಟಿನ ಹಕ್ಕನ್ನು ಅವನು ಗಂಡುಮಕ್ಕಳಿಗೆ ಮಾತ್ರ ಇಟ್ಟನು. ಆದರೂ ಅವನ ಕಾಲದ ಅಳತೆಯಲ್ಲಿ ಹೆಣ್ಣಿಗೆ ಅವನು ಕೊಟ್ಟದ್ದು ಕಡಿಮೆಯೇನಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ತಂಗಿಗೆ ನಾಲ್ಕನೆಯ ಒಂದು ಅಂಶ ಕೊಡಬೇಕೆಂಬ ವಚನಕ್ಕೆ, ಮದುವೆಯ ಖರ್ಚಿಗೆ ಸಾಕಾಗುವಷ್ಟು ಕೊಟ್ಟರೆ ಆಯಿತೆಂದು ಭಾರುಚಿ ಮೊದಲಾದವರು ಅರ್ಥ ಮಾಡಿದ್ದರು. ವಿಜ್ಞಾನೇಶ್ವರನು ಇದನ್ನು ತಳ್ಳಿಹಾಕಿ, ಅದು ನಿಜವಾದ ಪಾಲೇ ಎಂದು ಸಾಧಿಸಿದನು. ಬೇರೆಯಾಗಿ ಬಾಳುತ್ತಿದ್ದವನು ಮಕ್ಕಳಿಲ್ಲದೆ ಸತ್ತರೆ ಅವನ ಇಡೀ ಆಸ್ತಿ ಹೆಂಡತಿಗೆ ಸೇರಬೇಕೆಂದು ವಾದಿಸಿದನು. ಆಸ್ತಿ ಇರುವುದು ಯಜ್ಞಕ್ಕಾಗಿ, ಯಜ್ಞದ ಅಧಿಕಾರವಿಲ್ಲದ ಹೆಂಗಸಿಗೆ ಆಸ್ತಿ ಏಕೆ ಎಂದವರಿಗೆ, ಆಸ್ತಿ ಯಜ್ಞಕ್ಕೊಂದೇ ಅಲ್ಲ, ದಾನಕ್ಕೂ ಬದುಕಿನ ಇತರ ಪುರುಷಾರ್ಥಗಳಿಗೂ ಬೇಕು ಎಂದು ಉತ್ತರ ಕೊಟ್ಟನು. ಸ್ತ್ರೀಧನವೆಂದರೆ ಮದುವೆಯ ಉಡುಗೊರೆಗಳು ಮಾತ್ರವೆ? ಅಲ್ಲ. ವಾರಸಾದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು, ದೊರೆತದ್ದು, ಹೆಂಗಸಿನ ಕೈಗೆ ಯಾವ ದಾರಿಯಿಂದ ಬಂದರೂ ಅದು ಸ್ತ್ರೀಧನವೇ ಎಂದು ಅವನು ಆ ಶಬ್ದಕ್ಕೆ ಅದರ ಸಹಜವಾದ, ಅಗಲವಾದ ಅರ್ಥವನ್ನು ಕೊಟ್ಟನು.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಮನೆಯ ಟ್ರಂಕಿನಲ್ಲಿರುವ ಒಂದು ಕಾಗದದ ನೆನಪಾಯಿತು. ಧಾರವಾಡದಿಂದ ಸವದತ್ತಿಯ ಹಾದಿಯಲ್ಲಿರುವ ಅಮ್ಮಿನಬಾವಿಯವಳು ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿನವಳಾದ್ದರಿಂದ ಹಳೆಯ ಉತಾರ, ಪಾವತಿ, ವಾಟ್ನಿಪತ್ರಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಜ್ಜನ ಕಾಲದ ವಾಟ್ನಿಪತ್ರದಲ್ಲಿ ಮೂವರು ಅಣ್ಣತಮ್ಮಂದಿರ ಹೆಸರುಗಳಿವೆ. ಯಾವ ದಿಕ್ಕಿನ ಬದು ಯಾರಿಗೆ, ಬಾವಿಯ ನೀರು ಯಾರಿಗೆ ಎಷ್ಟು ದಿನ, ಹುಣಸೆಮರದ ಫಲ ಯಾರಿಗೆ ಎಂಬುದೆಲ್ಲ ಅದರಲ್ಲಿದೆ. ಅವರ ಜೊತೆಗೆ ಹುಟ್ಟಿದ ಇಬ್ಬರು ಅಕ್ಕತಂಗಿಯರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಅವರಿಗೆ ಅನ್ಯಾಯ ಮಾಡಬೇಕೆಂದು ಯಾರೂ ಮಾಡಿದ್ದಲ್ಲ. ಅಂದಿನ ಕಾಯಿದೆಯೂ ಅಂದಿನ ರೂಢಿಯೂ ಹಾಗೆಯೇ ಇದ್ದವು. ಹುಣಸೆಮರಕ್ಕೆ ಸಿಕ್ಕ ಒಂದು ಸಾಲು ಅವರಿಗೆ ಸಿಕ್ಕಿರಲಿಲ್ಲ, ಅಷ್ಟೇ.

ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಅವರ ಮಿತಿಗಳನ್ನು ಮುಚ್ಚಿಡುವುದು ಗೌರವವಲ್ಲ. ವಿಜ್ಞಾನೇಶ್ವರನ ನ್ಯಾಯವು ವರ್ಣಭೇದದ ನೆಲಗಟ್ಟಿನ ಮೇಲೆ ನಿಂತದ್ದು. ಒಂದೇ ತಪ್ಪಿಗೆ ಹುಟ್ಟನ್ನು ನೋಡಿ ಬೇರೆ ಬೇರೆ ಶಿಕ್ಷೆ ಹೇಳುವ ಸ್ಮೃತಿಯನ್ನೇ ಅವನು ವಿವರಿಸಿದನು. ಕಾದ ಕಬ್ಬಿಣ, ನೀರು ಮೊದಲಾದ ದಿವ್ಯಗಳನ್ನು ಅವನು ಅಲ್ಲಗಳೆಯಲಿಲ್ಲ. ಒಟ್ಟು ಕುಟುಂಬದಲ್ಲಿ ಗಂಡ ಸತ್ತವಳಿಗೆ ಪಾಲಿಲ್ಲ, ಅನ್ನಬಟ್ಟೆ ಮಾತ್ರ ಎಂಬುದನ್ನೂ ಅವನು ಉಳಿಸಿಕೊಂಡನು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಕಾಯಿದೆಯ ಮುಂದೆ ಎಲ್ಲರೂ ಸಮಾನರೆಂದು ಸಾರಿದಾಗ ಈ ಭೇದಗಳಿಗೆ ಆಧಾರ ಉಳಿಯಲಿಲ್ಲ. ಅದು ಸರಿಯೇ ಆಯಿತು.

ವಿಜ್ಞಾನೇಶ್ವರನ ಕಾಲವಾದ ಮೇಲೆ ಅವನ ಗ್ರಂಥವು ದೇಶ ಸಂಚಾರಕ್ಕೆ ಹೊರಟಿತು. ಹದಿನಾಲ್ಕನೆಯ ಶತಮಾನದಲ್ಲಿ ವಿಶ್ವೇಶ್ವರ ಭಟ್ಟನು ಅದಕ್ಕೆ ಸುಬೋಧಿನಿಯೆಂಬ ಟೀಕೆಯನ್ನು ಬರೆದನು. ಹದಿನೆಂಟನೆಯ ಶತಮಾನದಲ್ಲಿ ಕಾಶಿಯಲ್ಲಿ ಹುಟ್ಟಿದ ಬಾಲಂಭಟ್ಟಿಯೆಂಬ ಟೀಕೆಯು ಲಕ್ಷ್ಮೀದೇವಿಯೆಂಬ ವಿದುಷಿಯ ಹೆಸರಿನಲ್ಲಿದೆ. ಹೆಂಗಸರ ಹಕ್ಕಿನ ವಿಷಯದಲ್ಲಿ ಆ ಟೀಕೆಯು ಮೂಲಕ್ಕಿಂತಲೂ ಉದಾರವೆಂದು ಹೆಸರಾಗಿದೆ. ಹೀಗೆ ಕಲ್ಯಾಣದಲ್ಲಿ ಬರೆದದ್ದನ್ನು ಕಾಶಿಯಲ್ಲಿ ಓದಿ ಬೆಳೆಸಿದರು.

ಇಂಗ್ಲಿಷರು ಬಂದ ಮೇಲೆ ಕಥೆ ಬೇರೆ ದಾರಿ ಹಿಡಿಯಿತು. ೧೭೭೨ರಲ್ಲಿ ವಾರನ್ ಹೇಸ್ಟಿಂಗ್ಸನು ಮದುವೆ, ವಾರಸಾ ಮುಂತಾದ ವಿಷಯಗಳಲ್ಲಿ ಹಿಂದೂಗಳಿಗೆ ಅವರ ಶಾಸ್ತ್ರದಂತೆಯೇ ನ್ಯಾಯ ಹೇಳಬೇಕೆಂದು ವ್ಯವಸ್ಥೆ ಮಾಡಿದನು. ೧೮೧೦ರಲ್ಲಿ ಕೋಲ್‌ಬ್ರೂಕ್ ಎಂಬ ಪಂಡಿತನು ದಾಯಭಾಗವನ್ನೂ ಮಿತಾಕ್ಷರದ ವಾರಸಾ ಭಾಗವನ್ನೂ ಇಂಗ್ಲಿಷಿಗೆ ಅನುವಾದಿಸಿದನು. ೧೮೬೪ರ ವರೆಗೆ ಕೋರ್ಟುಗಳಲ್ಲಿ ಶಾಸ್ತ್ರಾರ್ಥ ಹೇಳಲು ಪಂಡಿತರಿದ್ದರು. ಆಮೇಲೆ ಆ ಹುದ್ದೆ ಹೋಯಿತು, ಅನುವಾದ ಉಳಿಯಿತು. ಆಗ ಧಾರವಾಡವು ಮುಂಬಯಿ ಇಲಾಖೆಯಲ್ಲಿದ್ದಿತು. ಗುಜರಾತದ ಕಡೆಗೆ ವ್ಯವಹಾರಮಯೂಖಕ್ಕೆ ಹೆಚ್ಚಿನ ಮನ್ನಣೆಯಿದ್ದರೆ ನಮ್ಮ ಕಡೆಗೆ ಮಿತಾಕ್ಷರವೇ ಮೇಲು.

ಇದರಿಂದ ಒಂದು ವಿಪರ್ಯಾಸವಾಯಿತು. ಲೋಕದ ರೂಢಿಯನ್ನು ಕಂಡು ಶಾಸ್ತ್ರವನ್ನು ಬಗ್ಗಿಸಿದವನ ಮಾತು ತಾನೇ ಬಗ್ಗದ ಶಾಸ್ತ್ರವಾಗಿಬಿಟ್ಟಿತು. ಅವನ ವಿಚಾರದ ರೀತಿಯನ್ನು ಬಿಟ್ಟು ನಿರ್ಣಯಗಳನ್ನು ಮಾತ್ರ ಹಿಡಿದರು. ಸ್ತ್ರೀಧನದ ವಿಷಯದಲ್ಲಿ ಅವನು ಕೊಟ್ಟ ಅಗಲವಾದ ಅರ್ಥವನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ಲು ಸಂಕುಚಿತಗೊಳಿಸಿತು. ಮುಂಬಯಿ ಇಲಾಖೆಯಲ್ಲಿ ಹೆಣ್ಣುಮಕ್ಕಳಿಗೆ ಸ್ವಲ್ಪ ಹೆಚ್ಚು ಅವಕಾಶ ಉಳಿಯಿತೆಂಬುದೇ ಸಮಾಧಾನ. ಆದರೂ ೧೮೬೮ರ ರಾಮನಾಡ ಪ್ರಕರಣದಲ್ಲಿ ಅದೇ ಪ್ರಿವಿ ಕೌನ್ಸಿಲ್ಲು, ಸ್ಪಷ್ಟವಾಗಿ ರುಜುವಾತಾದ ರೂಢಿಯು ಬರೆದ ವಚನಕ್ಕಿಂತ ಬಲವುಳ್ಳದ್ದೆಂದು ತೀರ್ಮಾನಿಸಿತು. ವಿಜ್ಞಾನೇಶ್ವರನು ಇದ್ದಿದ್ದರೆ ಈ ಮಾತನ್ನು ಒಪ್ಪುತ್ತಿದ್ದನು.

ಇಪ್ಪತ್ತನೆಯ ಶತಮಾನದಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗೆಗೆ ಕಾಯಿದೆ ಮಾಡಿತು. ೧೯೩೭ರಲ್ಲಿ ಬ್ರಿಟಿಷ್ ಹಿಂದುಸ್ಥಾನದಲ್ಲಿ ವಿಧವೆಯ ಹಕ್ಕಿನ ಕಾಯಿದೆ ಬಂದಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಂಗಸಿನ ಸ್ವಾಧೀನದಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿಯೆಂದು ಹೇಳಿತು. ಅದರ ಹದಿನಾಲ್ಕನೆಯ ಕಲಮಿನ ವಿವರಣೆಯನ್ನು ಓದಿದರೆ ವಿಜ್ಞಾನೇಶ್ವರನ ಸ್ತ್ರೀಧನದ ಪಟ್ಟಿಯೇ ಮತ್ತೆ ಎದ್ದುಬಂದಂತೆ ತೋರುತ್ತದೆ. ಆದರೆ ಹುಟ್ಟಿನ ಹಕ್ಕು ಮಾತ್ರ ಇನ್ನೂ ಗಂಡುಮಕ್ಕಳದೇ ಆಗಿ ಉಳಿಯಿತು. ೧೯೯೪ರ ಜುಲೈ ೩೦ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳಿಗೆ ಆ ಹಕ್ಕನ್ನು ಕೊಟ್ಟಿತು. ೨೦೦೫ರ ಸಪ್ಟೆಂಬರ ೯ರಿಂದ ಕೇಂದ್ರದ ತಿದ್ದುಪಡಿಯು ಮದುವೆಯ ಭೇದವನ್ನೂ ತೆಗೆದುಹಾಕಿತು. ೨೦೦೪ರ ಡಿಸೆಂಬರ ೨೦ಕ್ಕಿಂತ ಮೊದಲು ಕಾಯಿದೆಶೀರ್ ಆಗಿ ಮುಗಿದ ವಾಟ್ನಿಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ. ತಂದೆಯು ೨೦೦೫ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟ ೧೧ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು.

ಹೊಸ ಕಾಯಿದೆಯು ವಿಜ್ಞಾನೇಶ್ವರನನ್ನು ಕಿತ್ತೊಗೆಯಿತೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಹುಟ್ಟಿನಿಂದ ಹಕ್ಕು ಎಂಬ ಅವನ ತತ್ತ್ವ ಹಾಗೆಯೇ ಇದೆ, ಹುಟ್ಟಿದವರ ಎಣಿಕೆಯಲ್ಲಿ ಮಗಳೂ ಸೇರಿದಳು. ಜನರ ನ್ಯಾಯಬುದ್ಧಿಗೆ ಒಪ್ಪದ್ದು ಶಾಸ್ತ್ರದಲ್ಲಿದ್ದರೂ ನಡೆಯದೆಂದು ಹಿರಿಯ ಮಗನ ಹೆಚ್ಚಿನ ಪಾಲನ್ನು ಅವನು ತೆಗೆದುಹಾಕಿದನಲ್ಲವೆ? ಅದೇ ಕಾರಣದಿಂದಲೇ ಗಂಡುಮಗನೊಬ್ಬನ ಪಾಲನ್ನು ನಮ್ಮ ಕಾಲವು ತೆಗೆದುಹಾಕಿತು. ಅವನು ನಿಂತ ಹೊಸ್ತಿಲನ್ನು ಅವನದೇ ಕೋಲು ಹಿಡಿದು ನಾವು ದಾಟಿದೆವು.

ಆದರೂ ಕೆಲಸ ಮುಗಿಯಿತೆಂದು ಹೇಳಲಾಗದು. ಕಾಯಿದೆ ಪುಸ್ತಕದಲ್ಲಿ ಹಕ್ಕಿದ್ದರೂ ಹಬ್ಬಕ್ಕೆ ತವರಿಗೆ ಬಂದ ಮಗಳನ್ನು ಸಬ್‌ರಜಿಸ್ಟ್ರಾರ ಕಚೇರಿಗೆ ಕರೆದೊಯ್ದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುವುದು ಹಳ್ಳಿಗಳಲ್ಲಿ ಇನ್ನೂ ಇದೆ. ಸಹಿ ಮಾಡದಿದ್ದರೆ ತವರಿನ ಸೀರೆ ಕುಪ್ಪಸ ತಪ್ಪೀತೆಂಬ ಭಯ ಅವಳಿಗೆ. ಇರುವ ಹೊಲವೇ ತುಂಡಾಗುತ್ತದೆಂಬ ಚಿಂತೆ ಅಣ್ಣನಿಗೆ. ಇದನ್ನು ಕಲಮುಗಳಿಂದ ಮಾತ್ರ ಬಿಡಿಸಲು ಬಾರದು. ಹೊಲದ ಹುಟ್ಟುವಳಿ ಎಷ್ಟೆಂದು ಅರ್ಥಶಾಸ್ತ್ರ ಹೇಳಬೇಕು. ತವರಿನ ನಂಟು ಏನೆಂದು ಸಮಾಜಶಾಸ್ತ್ರ ಹೇಳಬೇಕು. ಈ ರೂಢಿ ಎಂದು, ಹೇಗೆ ಬಂದಿತೆಂದು ಇತಿಹಾಸ ಹೇಳಬೇಕು. ಪತ್ರದ ಭಾಷೆಯನ್ನು ಸಹಿ ಮಾಡುವವಳಿಗೆ ತಿಳಿಯುವಂತೆ ಬಿಡಿಸಿ ಹೇಳಲು ಕನ್ನಡ ಬಲ್ಲವರು ಬೇಕು. ಡಾ. ಪಾಂಡುರಂಗ ವಾಮನ ಕಾಣೆಯವರು ವಕೀಲರೂ ಸಂಸ್ಕೃತ ಪಂಡಿತರೂ ಆಗಿದ್ದುದರಿಂದಲೇ ೧೯೩೦ರಿಂದ ೧೯೬೨ರ ವರೆಗೆ ದುಡಿದು ಧರ್ಮಶಾಸ್ತ್ರದ ಇತಿಹಾಸದ ಐದು ಸಂಪುಟಗಳನ್ನು ಹೊರತರಲು ಸಾಧ್ಯವಾಯಿತು. ಅವರಿಗೆ ೧೯೬೩ರಲ್ಲಿ ಭಾರತರತ್ನ ದೊರೆತುದು ಆ ಬಗೆಯ ಕೂಡು ವಿದ್ಯೆಗೆ ಸಂದ ಗೌರವ.

ನಾವು ಕಲಾ ಶಾಖೆಯವರು ಪರೀಕ್ಷೆ ಮುಗಿದ ಮೇಲೆ ಬೇರೆ ಬೇರೆ ದಾರಿ ಹಿಡಿಯುತ್ತೇವೆ. ಕೆಲವರು ವಕೀಲಿ ಓದಬಹುದು, ಕೆಲವರು ಶಾಲಾ ಮಾಸ್ತರರಾಗಬಹುದು, ಕೆಲವರು ಊರಿಗೆ ಮರಳಿ ಒಕ್ಕಲುತನ ಮಾಡಬಹುದು. ಯಾರ ಮನೆಯಲ್ಲಿಯೇ ಆಗಲಿ, ಮುಂದೆ ವಾಟ್ನಿಪತ್ರ ಬರೆಯುವ ದಿನ ಬಂದೇ ಬರುತ್ತದೆ. ಅಂದು ಅದನ್ನು ಓದಿ ಹೇಳಲು ಮನೆಯ ಓದಿದವರನ್ನೇ ಕರೆಯುತ್ತಾರೆ. ಹೊಲದ ಬದು, ಬಾವಿಯ ನೀರು, ಹುಣಸೆಮರ ಇವುಗಳ ಜೊತೆಗೆ ಮನೆಯ ಹೆಣ್ಣುಮಕ್ಕಳ ಹೆಸರೂ ಆ ಪತ್ರದಲ್ಲಿ ಇದೆಯೋ ಇಲ್ಲವೋ ಎಂದು ಆಗ ಕೇಳುವವರು ನಾವಾಗಬೇಕು. ಕಲ್ಯಾಣದ ಆ ಸಂನ್ಯಾಸಿಗೆ ನಾವು ಸಲ್ಲಿಸಬಹುದಾದ ಗೌರವ ಇದಕ್ಕಿಂತ ದೊಡ್ಡದು ಇನ್ನಾವುದೂ ಇಲ್ಲವೆಂದು ನನ್ನ ಭಾವನೆ.